ಎಕ್ಸ್‌ಕವೇಟರ್‌ನ ಆಟೋ ಐಡಲ್: ಹೊಂದಿಸುವುದು, ಪರೀಕ್ಷಿಸುವುದು, ಆಫ್ ಮಾಡಬೇಕಾದ ಸಂದರ್ಭಗಳು

ಕಲ್ಲುಕ್ವಾರಿಯಲ್ಲಿ ಒಂದು ಟಿಪ್ಪರ್ ತುಂಬಿಕೊಂಡು ಹೊರಟು, ಮುಂದಿನದು ಇನ್ನೂ ದಾರಿಯಲ್ಲಿರುವ ಹೊತ್ತಿನಲ್ಲಿ ಎಕ್ಸ್‌ಕವೇಟರ್‌ನ ಸಮೀಪ ನಿಂತು ಇಂಜಿನ್ನಿನ ಸದ್ದನ್ನು ಗಮನಿಸಿ. ಆಪರೇಟರ್ ಲಿವರ್‌ಗಳಿಂದ ಕೈ ತೆಗೆದ ನಾಲ್ಕೈದು ಸೆಕೆಂಡಿನಲ್ಲಿ ಸದ್ದು ತಗ್ಗಿದರೆ ಆಟೋ ಐಡಲ್ ಕೆಲಸ ಮಾಡುತ್ತಿದೆ ಎಂದರ್ಥ. ತಗ್ಗದಿದ್ದರೆ, ಬಕೆಟ್ ನೆಲದ ಮೇಲೆ ಸುಮ್ಮನೆ ಕುಳಿತಿದ್ದರೂ ಇಂಜಿನ್ 1800 ಆರ್‌ಪಿಎಂನ ಆಸುಪಾಸಿನಲ್ಲಿ ತಿರುಗುತ್ತ, ಹೈಡ್ರಾಲಿಕ್ ಆಯಿಲ್ಲನ್ನು ಟ್ಯಾಂಕಿನಿಂದ ಎತ್ತಿ ಮತ್ತೆ ಅದೇ ಟ್ಯಾಂಕಿಗೆ ಸುರಿಯುತ್ತ ಡೀಸೆಲ್ ಸುಡುತ್ತಿರುತ್ತದೆ. ಈ ಸೌಲಭ್ಯವೇ ಇಲ್ಲದ ಯಂತ್ರಗಳಿಗಿಂತ, ಇದ್ದೂ ಆಫ್ ಮಾಡಿಟ್ಟಿರುವ ಯಂತ್ರಗಳೇ ನನ್ನ ಕಣ್ಣಿಗೆ ಹೆಚ್ಚು ಬಿದ್ದಿವೆ.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಆಟೋ ಐಡಲ್ ಎಂದರೆ ಇಂಜಿನ್ ವೇಗವನ್ನು ತಾನಾಗಿ ಇಳಿಸುವ ವ್ಯವಸ್ಥೆ; ಕೆಲವು ಕಂಪನಿಗಳು ಇದನ್ನೇ ಆಟೋ ಡಿಸೆಲ್ (ಡಿಸೆಲರೇಷನ್, ಅಂದರೆ ವೇಗ ಇಳಿಕೆ) ಎನ್ನುತ್ತವೆ. ಆಟೋ ಶಟ್‌ಡೌನ್ ಎಂಬುದು ಬೇರೆಯೇ ಆಗಿದ್ದು, ನಿಗದಿಪಡಿಸಿದಷ್ಟು ನಿಮಿಷ ಯಂತ್ರ ಕೆಲಸವಿಲ್ಲದೆ ನಿಂತರೆ ಅದು ಇಂಜಿನ್ನನ್ನೇ ನಿಲ್ಲಿಸುತ್ತದೆ. ಮೊದಲನೆಯದು ಸೆಕೆಂಡುಗಳ ಲೆಕ್ಕದ್ದು, ಎರಡನೆಯದು ನಿಮಿಷಗಳ ಲೆಕ್ಕದ್ದು. ಎರಡನ್ನೂ ಒಂದೇ ಎಂದುಕೊಂಡ ಆಪರೇಟರ್‌ಗಳು, ಇಂಜಿನ್ ಎಲ್ಲಿ ನಿಂತುಬಿಡುತ್ತದೋ ಎಂಬ ಅಂಜಿಕೆಯಿಂದ ಮೊದಲನೆಯದನ್ನೂ ಆಫ್ ಮಾಡುತ್ತಾರೆ.

ಆಟೋ ಐಡಲ್ ಕೆಲಸ ಮಾಡುವ ರೀತಿ ಸರಳವಾಗಿದೆ. ಬೂಮ್, ಆರ್ಮ್, ಬಕೆಟ್, ಸ್ವಿಂಗ್ (ಮೇಲ್ಭಾಗ ತಿರುಗಿಸುವುದು) ಮತ್ತು ಟ್ರಾವೆಲ್‌ನ (ಯಂತ್ರವನ್ನು ಓಡಿಸುವುದು) ಯಾವುದೇ ಲಿವರ್ ಅಥವಾ ಪೆಡಲ್ ಸರಿಸಿದಾಗ ಪೈಲಟ್ ಲೈನಿನಲ್ಲಿ, ಅಂದರೆ ಲಿವರ್‌ನ ಸೂಚನೆಯನ್ನು ಕಂಟ್ರೋಲ್ ವಾಲ್ವ್‌ಗೆ ಒಯ್ಯುವ ಸಣ್ಣ ಆಯಿಲ್ ಪೈಪಿನಲ್ಲಿ, ಒತ್ತಡ ಏರುತ್ತದೆ, ಅಲ್ಲಿರುವ ಪ್ರೆಷರ್ ಸ್ವಿಚ್ ಅಥವಾ ಸೆನ್ಸರ್ ಅದನ್ನು ಕಂಟ್ರೋಲರ್‌ಗೆ ತಿಳಿಸುತ್ತದೆ. ಎಲ್ಲ ಲಿವರ್‌ಗಳೂ ನ್ಯೂಟ್ರಲ್‌ಗೆ ಮರಳಿ ಮೂರರಿಂದ ಐದು ಸೆಕೆಂಡ್ ಕಳೆದರೆ ಕಂಟ್ರೋಲರ್ ಇಂಜಿನ್ ವೇಗವನ್ನು ಮಾಡೆಲ್‌ಗೆ ತಕ್ಕಂತೆ ಸುಮಾರು 1000ದಿಂದ 1400 ಆರ್‌ಪಿಎಂಗೆ ಇಳಿಸುತ್ತದೆ. ಯಾವುದಾದರೂ ಒಂದು ಲಿವರ್ ಸ್ವಲ್ಪ ಸರಿದರೂ ಸಾಕು, ವೇಗ ಥ್ರಾಟಲ್ ಡಯಲ್‌ನಲ್ಲಿ (ಇಂಜಿನ್ ವೇಗ ನಿಗದಿ ಮಾಡುವ ಗುಂಡಿ) ಇಟ್ಟಿದ್ದ ಮಟ್ಟಕ್ಕೆ ತಕ್ಷಣ ಏರುತ್ತದೆ.

ಹೊಂದಿಸುವ ಕೆಲಸವನ್ನು ಇಂಜಿನ್ ಬಿಸಿಯಾದ ಮೇಲೆ ಮಾಡಿ. ತಣ್ಣಗಿರುವಾಗ ಹಲವು ಯಂತ್ರಗಳು ತಾವಾಗಿಯೇ ವೇಗ ಏರಿಸಿಕೊಂಡು ಬಿಸಿಯಾಗಲು ನೋಡುತ್ತವೆ, ಆಗ ಆಟೋ ಐಡಲ್ ಕೆಟ್ಟಿದೆ ಎಂಬ ತಪ್ಪು ತೀರ್ಮಾನಕ್ಕೆ ಬರುವ ಸಾಧ್ಯತೆ ಇರುತ್ತದೆ. ಯಂತ್ರವನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬಕೆಟ್ಟನ್ನು ನೆಲಕ್ಕೆ ಇಳಿಸಿ, ಸುತ್ತ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಥ್ರಾಟಲ್ ಡಯಲ್ಲನ್ನು ದಿನವೂ ಕೆಲಸಕ್ಕೆ ಇಡುವ ಮಟ್ಟಕ್ಕೆ ತಿರುಗಿಸಿ. ಬಲಗಡೆಯ ಪ್ಯಾನೆಲ್‌ನಲ್ಲಿ ಅಥವಾ ಮಾನಿಟರ್‌ನಲ್ಲಿ ಆಟೋ ಐಡಲ್ ಬಟನ್ ಒತ್ತಿ, ಅದರ ಗುರುತು ಬೆಳಗಿತೇ ಎಂದು ನೋಡಿ. ಬಳಿಕ ಎಲ್ಲ ಲಿವರ್‌ಗಳಿಂದ ಕೈ ತೆಗೆದು ಸೆಕೆಂಡ್ ಎಣಿಸಿ. ವೇಗ ಇಳಿದ ಮೇಲೆ ಬಕೆಟ್ ಲಿವರ್ ಒಂದಿಷ್ಟು ಸರಿಸಿ, ಕೂಡಲೇ ಏರುತ್ತದೆಯೇ ಎಂದು ಗಮನಿಸಿ. ಇದೇ ಪರೀಕ್ಷೆಯನ್ನು ಬೂಮ್, ಆರ್ಮ್, ಸ್ವಿಂಗ್, ಟ್ರಾವೆಲ್ ಪ್ರತಿಯೊಂದಕ್ಕೂ ಬೇರೆ ಬೇರೆಯಾಗಿ ಮಾಡಲೇಬೇಕು, ಏಕೆಂದರೆ ಅನೇಕ ಮಾಡೆಲ್‌ಗಳಲ್ಲಿ ಟ್ರಾವೆಲ್‌ಗೂ ಉಳಿದವುಗಳಿಗೂ ಸೆನ್ಸರ್‌ಗಳು ಬೇರೆ ಬೇರೆ ಇರುತ್ತವೆ.

ವೇಗ ಇಳಿಯದೇ ಇದ್ದರೆ ಕಂಟ್ರೋಲರ್ ಬದಲಿಸುವ ಮಾತು ಆಡುವ ಮೊದಲು ಅಗ್ಗದ ಕಾರಣಗಳನ್ನು ನೋಡಬೇಕು. ಮ್ಯಾಟ್ ಅಡಿಯ ಮಣ್ಣಿನಿಂದಾಗಿ ಟ್ರಾವೆಲ್ ಪೆಡಲ್ ಪೂರ್ತಿ ನ್ಯೂಟ್ರಲ್‌ಗೆ ಬಾರದಿರಬಹುದು, ಸೆನ್ಸರ್‌ನ ಕನೆಕ್ಟರ್ ಸಡಿಲವಾಗಿರಬಹುದು, ಇಲಿ ವೈರ್ ಕಡಿದಿರಬಹುದು. ನಾನು ನೋಡಿಕೊಳ್ಳುತ್ತಿದ್ದ ಇಪ್ಪತ್ತು ಟನ್ನಿನ ಯಂತ್ರವೊಂದರಲ್ಲಿ ಆಟೋ ಐಡಲ್ ಬೆಳಿಗ್ಗೆ ಸರಿಯಿದ್ದು ಮಧ್ಯಾಹ್ನದ ಹೊತ್ತಿಗೆ ನಿಂತುಹೋಗುತ್ತಿತ್ತು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ, ಕಂಟ್ರೋಲ್ ವಾಲ್ವ್ ಪಕ್ಕದ ಪ್ರೆಷರ್ ಸ್ವಿಚ್‌ನ ಕನೆಕ್ಟರ್ ಬಿಚ್ಚಿದಾಗ ಒಳಗೆ ಆಯಿಲ್ಲೂ ಕಲ್ಲುಪುಡಿಯೂ ಸೇರಿ ಬೂದು ಬಣ್ಣದ ಪೇಸ್ಟಿನಂತೆ ಪಿನ್ನುಗಳ ನಡುವೆ ಮೆತ್ತಿಕೊಂಡಿತ್ತು. ಸ್ವಿಚ್ಚಿನೊಳಗಿಂದಲೇ ಆಯಿಲ್ ಜಿನುಗುತ್ತಿದ್ದುದರಿಂದ ಕನೆಕ್ಟರ್ ಸ್ವಚ್ಛ ಮಾಡಿ ಹೊಸ ಸ್ವಿಚ್ ಹಾಕಿದೆವು; ತೊಂದರೆ ಅಲ್ಲಿಗೆ ಮುಗಿಯಿತು. ಒಂದೇ ಬಗೆಯ ಎರಡು ಸೆನ್ಸರ್‌ಗಳಿದ್ದರೆ ಅವುಗಳನ್ನು ಅದಲು ಬದಲು ಮಾಡಿ ದೋಷವೂ ಜೊತೆಗೆ ಹೋಗುತ್ತದೆಯೇ ಎಂದು ನೋಡುವುದು ಒಳ್ಳೆಯ ಉಪಾಯ. ಆದರೆ ಅದಕ್ಕೆ ಮುನ್ನ ಇಂಜಿನ್ ನಿಲ್ಲಿಸಿ, ಪೈಲಟ್ ಲೈನಿನ ಒತ್ತಡವನ್ನು ಕೈಪಿಡಿಯಲ್ಲಿ ಹೇಳಿರುವಂತೆ ಬಿಡುಗಡೆ ಮಾಡಿರಬೇಕು.

ಇನ್ನು ಆಟೋ ಐಡಲ್ಲನ್ನು ಆಫ್ ಮಾಡಲೇಬೇಕಾದ ಸಂದರ್ಭಗಳಿಗೆ ಬರೋಣ. ಪ್ರಾಣದ ಪ್ರಶ್ನೆ ಇರುವುದು ಇಲ್ಲಿಯೇ. ಯಂತ್ರವನ್ನು ಟ್ರೇಲರ್‌ಗೆ ಹತ್ತಿಸುವಾಗ ಮತ್ತು ಇಳಿಸುವಾಗ ಅದು ಆಫ್ ಆಗಿರಬೇಕು. ರ‍್ಯಾಂಪ್ ಮೇಲೆ ಕ್ಷಣಕಾಲ ನಿಂತು, ಹೆಲ್ಪರ್‌ನ ಸನ್ನೆ ನೋಡಿ, ಮತ್ತೆ ನಿಧಾನವಾಗಿ ಟ್ರಾವೆಲ್ ಲಿವರ್ ಸರಿಸುವ ಆಪರೇಟರ್‌ನನ್ನು ಊಹಿಸಿಕೊಳ್ಳಿ: ಅವನು ನಿಂತ ಐದು ಸೆಕೆಂಡಿನಲ್ಲಿ ಇಂಜಿನ್ ವೇಗ ಇಳಿದಿರುತ್ತದೆ, ಲಿವರ್ ಸರಿಸಿದೊಡನೆ ಅದು ಒಮ್ಮೆಲೇ ಏರುತ್ತದೆ, ಅವನು ಅಂದುಕೊಂಡದ್ದಕ್ಕಿಂತ ಜೋರಾಗಿ ಯಂತ್ರ ಮುನ್ನುಗ್ಗುತ್ತದೆ. ಬಕೆಟ್‌ಗೆ ಸರಪಳಿ ಅಥವಾ ಬೆಲ್ಟ್ ಕಟ್ಟಿ ಪೈಪು ಎತ್ತಿ ಇಡುವಾಗ, ಕೆಳಗೆ ಜನ ನಿಂತು ಪೈಪಿನ ಬಾಯಿ ಜೋಡಿಸುತ್ತಿರುವಾಗಲೂ ಇದೇ ಅಪಾಯವಿದೆ. ಇಕ್ಕಟ್ಟಾದ ಜಾಗದಲ್ಲಿ ಚಲಿಸುವಾಗ ಮತ್ತು ನೆಲವನ್ನು ನಯವಾಗಿ ಮಟ್ಟ ಮಾಡುವಾಗಲೂ ಆಫ್ ಇರಲಿ. ಇಂಥ ಕೆಲಸಗಳಲ್ಲಿ ಡಯಲ್ಲನ್ನೇ ಕಡಿಮೆಗೆ ಇಟ್ಟು ವೇಗವನ್ನು ಒಂದೇ ಸಮನಾಗಿ ಉಳಿಸಿಕೊಳ್ಳುವುದು ಸರಿಯಾದ ಕ್ರಮ. ಕೆಲಸ ಮುಗಿದೊಡನೆ ಮತ್ತೆ ಆನ್ ಮಾಡಲು ಮರೆಯಬಾರದು.

ಆಟೋ ಶಟ್‌ಡೌನ್ ಇರುವ ಯಂತ್ರದಲ್ಲಿ ಮಾನಿಟರ್‌ನ ಮೆನುವಿನಲ್ಲಿ ನಿಮಿಷಗಳನ್ನು ನಿಗದಿ ಮಾಡಬಹುದು. ಐದು ನಿಮಿಷ ಇಡುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಭಾರೀ ಕೆಲಸದ ನಂತರ ಟರ್ಬೊ ತಣಿಯಲು ಮೂರರಿಂದ ಐದು ನಿಮಿಷ ಇಂಜಿನ್ ನಿಧಾನವಾಗಿ ಓಡಬೇಕು, ಆ ಅವಧಿ ಇದರಲ್ಲೇ ಸಿಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರಸ್ತೆಗಿಳಿಯದ ಡೀಸೆಲ್ ಯಂತ್ರಗಳಿಗೆ 2007ರಲ್ಲಿ ಒಪ್ಪಿಗೆ ಪಡೆದ ನಿಯಮವೂ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಸತತ ಐದು ನಿಮಿಷಕ್ಕಿಂತ ಹೆಚ್ಚು ಸುಮ್ಮನೆ ಓಡಿಸುವುದನ್ನು ತಡೆಯುತ್ತದೆ. ಹೆಚ್ಚಿನ ಯಂತ್ರಗಳಲ್ಲಿ, ಉಳಿದ ಲಿವರ್‌ಗಳು ಕೆಲಸ ಮಾಡದಂತೆ ತಡೆಯುವ ಸೇಫ್ಟಿ ಲಾಕ್ ಲಿವರ್ ಲಾಕ್ ಸ್ಥಿತಿಯಲ್ಲಿದ್ದರೆ ಮಾತ್ರ ಶಟ್‌ಡೌನ್‌ನ ಎಣಿಕೆ ಆರಂಭವಾಗುತ್ತದೆ, ಆದ್ದರಿಂದ ಕಾಯುವಾಗ ಲಿವರ್ ಲಾಕ್ ಮಾಡುವುದನ್ನು ರೂಢಿ ಮಾಡಿಸಬೇಕು. ಇಂಜಿನ್ ತಾನಾಗಿ ನಿಂತ ಮೇಲೆ ಕೀ ಆಫ್ ಮಾಡದಿದ್ದರೆ ಲೈಟು, ಫ್ಯಾನುಗಳು ಬ್ಯಾಟರಿಯನ್ನು ಖಾಲಿ ಮಾಡಬಹುದು.

ಸುಮ್ಮನೆ ಓಡುವ ಇಂಜಿನ್ ಡೀಸೆಲ್ಲನ್ನಷ್ಟೇ ತಿನ್ನುವುದಿಲ್ಲ. ಸಿಲಿಂಡರ್ ಸಾಕಷ್ಟು ಬಿಸಿಯಾಗದೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಮಸಿ ಕಟ್ಟುತ್ತದೆ, ಇಂಜಿನ್ ಆಯಿಲ್ ತೆಳುವಾಗುತ್ತದೆ. ನಮ್ಮ ದೇಶದಲ್ಲಿ 2025ರ ಜನವರಿ 1ರಿಂದ ಟೈರ್ ಮೇಲೆ ಓಡುವ ನಿರ್ಮಾಣ ಯಂತ್ರಗಳಿಗೆ ಸಿಇವಿ (ಕನ್‌ಸ್ಟ್ರಕ್ಷನ್ ಎಕ್ವಿಪ್‌ಮೆಂಟ್ ವೆಹಿಕಲ್) ಐದನೇ ಹಂತದ ಹೊಗೆ ನಿಯಮ ಬಂದಿದೆ. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುವ ಬ್ಯಾಕ್‌ಹೋ, ವೀಲ್ ಲೋಡರ್‌ಗಳಲ್ಲಿ ಈ ಮಸಿ ಫಿಲ್ಟರನ್ನು ಬೇಗ ತುಂಬಿಸುತ್ತದೆ. ಫಿಲ್ಟರ್ ಮಸಿ ಸುಟ್ಟುಕೊಳ್ಳುತ್ತಿರುವಾಗ ಮಾತ್ರ ಇಂಜಿನ್ ವೇಗ ತಾನಾಗಿ ಏರಿರಬಹುದು, ಅದನ್ನು ನಡುವೆ ನಿಲ್ಲಿಸಬಾರದು.

ಉಳಿತಾಯ ಎಷ್ಟೆಂದು ಬೇರೆಯವರ ಮಾತು ನಂಬುವ ಬದಲು ನಿಮ್ಮ ಯಂತ್ರದಲ್ಲೇ ಅಳೆಯಿರಿ. ಸಮತಟ್ಟಾದ ಜಾಗದಲ್ಲಿ ಟ್ಯಾಂಕಿನ ಕತ್ತಿನವರೆಗೆ ಡೀಸೆಲ್ ತುಂಬಿಸಿ, ಆಟೋ ಐಡಲ್ ಆಫ್ ಮಾಡಿ, ಲಿವರ್ ಮುಟ್ಟದೆ, ಇಂಜಿನ್ನನ್ನು ಕೆಲಸದ ವೇಗದಲ್ಲಿ ಒಂದು ಗಂಟೆ ಓಡಿಸಿ, ಅಳತೆಯ ಕ್ಯಾನಿನಿಂದ ಮತ್ತೆ ಅದೇ ಮಟ್ಟಕ್ಕೆ ತುಂಬಿಸಿ. ಆನ್ ಮಾಡಿ ಇನ್ನೊಂದು ಗಂಟೆ ಹಾಗೆಯೇ ನೋಡಿ. ಗಂಟೆಗೆ ಎರಡು ಲೀಟರ್ ವ್ಯತ್ಯಾಸ ಬಂತು, ದಿನಕ್ಕೆ ಮೂರು ಗಂಟೆ ಕಾಯುವಿಕೆ ಇದೆ ಎಂದಾದರೆ, ತಿಂಗಳ 25 ದಿನಕ್ಕೆ 150 ಲೀಟರ್ ಆಗುತ್ತದೆ.

ಗಂಟೆ ಲೆಕ್ಕದ ಬಾಡಿಗೆಯಲ್ಲಿ ಇನ್ನೊಂದು ತೊಡಕಿದೆ. ಆಟೋ ಐಡಲ್‌ನಲ್ಲಿ ಇಂಜಿನ್ ವೇಗ ಇಳಿದರೂ ಅವರ್ ಮೀಟರ್ ಓಡುತ್ತಲೇ ಇರುತ್ತದೆ, ಸರ್ವಿಸ್ ಅವಧಿಯೂ ಅದರ ಪ್ರಕಾರವೇ ಹತ್ತಿರವಾಗುತ್ತದೆ. ಶಟ್‌ಡೌನ್ ಆದರೆ ಮಾತ್ರ ಮೀಟರ್ ನಿಲ್ಲುತ್ತದೆ. ಹೀಗಾಗಿ ಡೀಸೆಲ್ ಖರ್ಚು ಯಂತ್ರವನ್ನು ಬಾಡಿಗೆಗೆ ಪಡೆದವರದ್ದಾಗಿದ್ದಾಗ ಇಂಜಿನ್ ನಿಲ್ಲಿಸಲು ಮಾಲೀಕರಿಗಾಗಲಿ ಆಪರೇಟರ್‌ಗಾಗಲಿ ಮನಸ್ಸು ಬರುವುದಿಲ್ಲ. ಟಿಪ್ಪರ್‌ಗಾಗಿ ಕಾದ ಹೊತ್ತಿಗೆ ಎಷ್ಟು ಕೊಡಬೇಕೆಂಬುದನ್ನು ಕೆಲಸ ಶುರುವಾಗುವ ಮೊದಲೇ ಮಾತಾಡಿ, ಲಾಗ್‌ಬುಕ್‌ನಲ್ಲಿ ಕಾಯುವ ಸಮಯಕ್ಕೆ ಪ್ರತ್ಯೇಕ ಕಾಲಂ ಹಾಕಿ, ದಿನದ ಕೊನೆಗೆ ಇಬ್ಬರೂ ಸಹಿ ಮಾಡಿಕೊಳ್ಳಿ.