ಪೆಡ್ರೊ, ಮ್ಯಾಡಕ್ಸ್ ಮತ್ತು ಏಳು ವರ್ಷಗಳ ಲೆಕ್ಕ

ಬೇಸ್‌ಬಾಲ್‌ನ ಪೆಡ್ರೊ ಮಾರ್ಟಿನೆಜ್ ಅವರನ್ನು ಅದೇ ಕಾಲದ ದೊಡ್ಡ ಪಿಚರ್‌ಗಳ, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವರ, ಪಕ್ಕ ಇಟ್ಟು ನೋಡಬೇಕು ಅಂತ ಬಹಳ ದಿನದಿಂದ ಆಸೆ ಇತ್ತು. ಎಲ್ಲರೂ ಮೊದಲು ನೋಡುವುದು ಪಿಚರ್ ಹೆಸರಿಗೆ ಸೇರುವ ಗೆಲುವಿನ ಸಂಖ್ಯೆ. ಗ್ರೆಗ್ ಮ್ಯಾಡಕ್ಸ್ 355, ರೋಜರ್ ಕ್ಲೆಮೆನ್ಸ್ 354, ರಾಂಡಿ ಜಾನ್ಸನ್ 303. ಪೆಡ್ರೊ ಬರೀ 219. ನಾನು ಆ ಕಾಲಂ ತೆಗೆದೇಬಿಟ್ಟೆ. ತನ್ನ ತಂಡ ಎಷ್ಟು ರನ್ ಹೊಡೆಯುತ್ತದೆ ಅನ್ನುವುದು ಪಿಚರ್ ಕೈಯಲ್ಲಿಲ್ಲ, ಅಲ್ವಾ?

ಡೇಟಾಗೆ ಬೇಸ್‌ಬಾಲ್ ಅಂಕಿಅಂಶಗಳ ಶಾನ್ ಲಾಹ್‌ಮನ್ ಡೇಟಾಬೇಸ್ ತೆಗೆದುಕೊಂಡೆ. ಅದು ಉಚಿತ, ಎಕ್ಸೆಲ್‌ನಲ್ಲೇ ತೆರೆಯುತ್ತದೆ. ಅದರಲ್ಲಿ ಇನ್ನಿಂಗ್ಸ್ ಬದಲು ಔಟ್‌ಗಳ ಎಣಿಕೆ ಇದೆ, ಅದು ದೊಡ್ಡ ಅನುಕೂಲ. ಬೇಸ್‌ಬಾಲ್‌ನಲ್ಲಿ ಪಿಚರ್ ಲೆಕ್ಕಕ್ಕೆ 3 ಔಟ್ ಆದರೆ 1 ಇನ್ನಿಂಗ್ಸ್. 209.2 ಇನ್ನಿಂಗ್ಸ್ ಅಂದರೆ 209 ಇನ್ನಿಂಗ್ಸ್ ಮೇಲೆ 2 ಔಟ್. ಇದನ್ನು ದಶಮಾಂಶ ಅಂದುಕೊಂಡು ಕೂಡಿದರೆ ಮೊತ್ತ ತಪ್ಪುತ್ತದೆ. ಔಟ್‌ಗಳನ್ನು ಕೂಡಿ, ಕೊನೆಗೆ 3ರಿಂದ ಭಾಗಿಸಿದರೆ ಸಾಕು.

ನಾನು ನಂಬಿದ್ದು ಇಆರ್‌ಎ. ಅಂದರೆ 9 ಇನ್ನಿಂಗ್ಸ್‌ಗೆ ಪಿಚರ್ ಸರಾಸರಿ ಎಷ್ಟು ರನ್ ಬಿಟ್ಟುಕೊಟ್ಟರು ಅನ್ನುವ ಲೆಕ್ಕ. ಫೀಲ್ಡರ್‌ಗಳ ತಪ್ಪಿನಿಂದ ಬಂದ ರನ್ ಇದರಲ್ಲಿ ಸೇರುವುದಿಲ್ಲ. ಇಡೀ ವೃತ್ತಿಜೀವನದ ಬದಲು ಇಬ್ಬರ ಅತ್ಯುತ್ತಮ 7 ವರ್ಷ ಆರಿಸಿಕೊಂಡೆ. ಮ್ಯಾಡಕ್ಸ್‌ಗೆ 1992ರಿಂದ 1998, ಪೆಡ್ರೊಗೆ 1997ರಿಂದ 2003. ಮ್ಯಾಡಕ್ಸ್ 401 ರನ್ ಕೊಟ್ಟಿದ್ದಾರೆ, ಇಆರ್‌ಎ 2.15. ಪೆಡ್ರೊ ಕೊಟ್ಟಿದ್ದು 344, ಇಆರ್‌ಎ 2.20. ಸುಮ್ನೆ ನೋಡಿದರೆ ಮ್ಯಾಡಕ್ಸ್ ಒಂದು ಕೂದಲೆಳೆ ಮುಂದೆ.

ಆದರೆ ಚಿನ್ನಸ್ವಾಮಿಯ ಸಣ್ಣ ಬೌಂಡರಿಯಲ್ಲಿ ಬೌಲ್ ಮಾಡಿದವರನ್ನೂ ದೊಡ್ಡ ಮೈದಾನದಲ್ಲಿ ಬೌಲ್ ಮಾಡಿದವರನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗುತ್ತದೆಯೇ? ಮ್ಯಾಡಕ್ಸ್ ಆ ವರ್ಷಗಳಲ್ಲಿ ಆಡಿದ್ದು ನ್ಯಾಷನಲ್ ಲೀಗ್‌ನಲ್ಲಿ, ಅಲ್ಲಿ ಆಗ ಪಿಚರ್‌ಗಳೂ ಬ್ಯಾಟ್ ಹಿಡಿಯುತ್ತಿದ್ದರು. ಪೆಡ್ರೊ 1998ರಿಂದ ಅಮೆರಿಕನ್ ಲೀಗ್‌ನ ಬೋಸ್ಟನ್‌ಗೆ ಆಡಿದರು. ಆ ಲೀಗ್‌ನಲ್ಲಿ ಪಿಚರ್ ಬದಲು ಬ್ಯಾಟ್ ಮಾಡಲೆಂದೇ ಒಬ್ಬ ಆಟಗಾರ ಇರುತ್ತಾನೆ. ಮೇಲಾಗಿ ಅದು ಹೋಮ್ ರನ್‌ಗಳ ಕಾಲ. 2000ರಲ್ಲಿ ಆ ಲೀಗ್‌ನ ಸರಾಸರಿ ಇಆರ್‌ಎ 4.91. ಪೆಡ್ರೊ ಅವರದು 1.74. ಎರಡನೇ ಸ್ಥಾನದಲ್ಲಿದ್ದ ಕ್ಲೆಮೆನ್ಸ್ 3.70! ಮೊದಲಿಗೂ ಎರಡನೆಯದಕ್ಕೂ ಇಷ್ಟು ಅಂತರ ನೋಡಿ ನನಗೆ ಮೈ ಜುಮ್ಮೆಂದಿತು.

ಲೀಗ್, ಮೈದಾನ ಎರಡನ್ನೂ ಸರಿದೂಗಿಸುವ ಲೆಕ್ಕಕ್ಕೆ ಇಆರ್‌ಎ ಪ್ಲಸ್ ಅನ್ನುತ್ತಾರೆ. 100 ಅಂದರೆ ಸಾಧಾರಣ, ಜಾಸ್ತಿ ಇದ್ದಷ್ಟೂ ಒಳ್ಳೆಯದು. ಆ 7 ವರ್ಷಗಳಲ್ಲಿ ಪೆಡ್ರೊ 213, ಮ್ಯಾಡಕ್ಸ್ 190ರ ಆಸುಪಾಸು. ಇಡೀ ವೃತ್ತಿಜೀವನಕ್ಕೆ ಪೆಡ್ರೊ 154, ಕ್ಲೆಮೆನ್ಸ್ 143, ಜಾನ್ಸನ್ 135, ಮ್ಯಾಡಕ್ಸ್ 132. ಗೆಲುವಿನ ಸಾಲಿನಲ್ಲಿ ಕೊನೆಯಲ್ಲಿದ್ದವರು ಇಲ್ಲಿ ಮೊದಲಿಗರು.

ಇಷ್ಟಕ್ಕೇ ನಿಲ್ಲಿಸಿದರೆ ಮ್ಯಾಡಕ್ಸ್‌ಗೆ ಅನ್ಯಾಯ. ಆ 7 ವರ್ಷಗಳಲ್ಲಿ ಪೆಡ್ರೊ ಎಸೆದದ್ದು 1408 ಇನ್ನಿಂಗ್ಸ್, ಮ್ಯಾಡಕ್ಸ್ 1675. ಅಂದರೆ ಇಡೀ ಒಂದು ಸೀಸನ್‌ಗಿಂತ ಜಾಸ್ತಿ ದುಡಿಮೆ. ಅದೂ ಮುಷ್ಕರದಿಂದ 1994ರ ಸೀಸನ್ ಅರ್ಧಕ್ಕೆ ನಿಂತು, 1995ರದ್ದು 144 ಪಂದ್ಯಕ್ಕೆ ಇಳಿದಿದ್ದರೂ! ಪೆಡ್ರೊ ಭುಜದ ನೋವಿನಿಂದ 2001ರಲ್ಲಿ 116.2 ಇನ್ನಿಂಗ್ಸ್ ಅಷ್ಟೇ ಆಡಿದರು. ಒಂದೇ ಒಂದು ಪಂದ್ಯ ಗೆಲ್ಲಲೇಬೇಕು ಅಂದರೆ ನಾನು ಚೆಂಡು ಕೊಡುವುದು ಪೆಡ್ರೊ ಕೈಗೆ. 7 ವರ್ಷ ತಂಡ ನಡೆಸಬೇಕು ಅಂದರೆ ಮ್ಯಾಡಕ್ಸ್.

ಕೊನೆಗೆ ಸ್ಟ್ರೈಕ್‌ಔಟ್‌ಗಳನ್ನು ವಾಕ್‌ಗಳಿಂದ ಭಾಗಿಸುವ ಒಂದು ಕಾಲಂ ಸೇರಿಸಿದೆ. ಮೂರು ಸ್ಟ್ರೈಕ್ ಆಗಿ ಬ್ಯಾಟರ್ ಔಟಾದರೆ ಸ್ಟ್ರೈಕ್‌ಔಟ್; ಪಿಚರ್ ನಾಲ್ಕು ಚೆಂಡು ಗುರಿ ತಪ್ಪಿ ಎಸೆದು ಬ್ಯಾಟರ್‌ಗೆ ಮೊದಲ ಬೇಸ್ ಪುಕ್ಕಟೆ ಸಿಕ್ಕರೆ ವಾಕ್. ಪೆಡ್ರೊ 2000ರಲ್ಲಿ 284 ಸ್ಟ್ರೈಕ್‌ಔಟ್, 32 ವಾಕ್: 8.88. ಮ್ಯಾಡಕ್ಸ್ 1997ರಲ್ಲಿ 177 ಸ್ಟ್ರೈಕ್‌ಔಟ್, 20 ವಾಕ್: 8.85. ಒಬ್ಬರದು ಬ್ಯಾಟರ್‌ಗಳನ್ನು ಕಂಗೆಡಿಸುವ ವೇಗ ಮತ್ತು ಚೇಂಜಪ್ (ವೇಗದ್ದೇ ಅನ್ನಿಸಿ ನಿಧಾನವಾಗಿ ಬರುವ ಚೆಂಡು), ಇನ್ನೊಬ್ಬರದು ಅಂಚಿಗೆ ತಪ್ಪದೆ ಬೀಳುವ ಚೆಂಡು. ಮ್ಯಾಡಕ್ಸ್ ಕೊಟ್ಟ ಆ 20 ವಾಕ್‌ಗಳಲ್ಲೂ 6 ಬೇಕಂತಲೇ ಕೊಟ್ಟವು.