ಓವನ್‌ನ ಸ್ವಯಂ-ಶುಚಿ ಸೌಲಭ್ಯ: ಬಳಸುವ ಮುನ್ನ ಮತ್ತು ಬಳಸುವಾಗ

ಸ್ವಯಂ-ಶುಚಿಯ ಗುಂಡಿ ಒತ್ತಿದಾಗ ಓವನ್‌ನ ಒಳಗಿನ ಉಷ್ಣತೆ ಸುಮಾರು 480 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿ, ಗೋಡೆಗಳಿಗೆ ಅಂಟಿದ ಜಿಡ್ಡು ಸುಟ್ಟು ಬೂದಿಯಾಗುತ್ತದೆ. ಆದುದರಿಂದ ತಳದಲ್ಲಿ ನಿಂತ ಎಣ್ಣೆಯನ್ನೂ ಆಹಾರದ ಚೂರುಗಳನ್ನೂ ಮೊದಲೇ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಹೊಗೆಗೂ ಬೆಂಕಿಗೂ ಮುಖ್ಯ ಕಾರಣ ಇವೇ. ತಟ್ಟೆಗಳನ್ನೂ ಫಾಯಿಲ್ ಹಾಳೆಯನ್ನೂ, ಕೈಪಿಡಿಯಲ್ಲಿ ಒಳಗೇ ಬಿಡಬಹುದೆಂದು ಹೇಳಿರದಿದ್ದರೆ ಕಂಬಿಯ ಜಾಲರಿಗಳನ್ನೂ ಹೊರತೆಗೆಯಿರಿ. ಒಳಗೆ ರಾಸಾಯನಿಕ ಕ್ಲೀನರ್ ಸಿಂಪಡಿಸಬೇಡಿ, ಬಾಗಿಲಂಚಿನ ಗ್ಯಾಸ್ಕೆಟ್ (ಶಾಖ ಹೊರಹೋಗದಂತೆ ತಡೆಯುವ ಪಟ್ಟಿ) ಉಜ್ಜಬೇಡಿ.

ಕಿಟಕಿಗಳನ್ನು ತೆರೆದು ಎಕ್ಸಾಸ್ಟ್ ಫ್ಯಾನ್ ಹಾಕಿ. ಮನೆಯಲ್ಲಿ ಸಾಕುಹಕ್ಕಿಗಳಿದ್ದರೆ ದಯವಿಟ್ಟು ಅವುಗಳನ್ನು ಮೊದಲೇ ಬೇರೆಡೆಗೆ ಸಾಗಿಸಿ. ನಮಗೆ ಬರಿಯ ಕಮಟುವಾಸನೆ ಎನಿಸುವ ಹೊಗೆ ಅವುಗಳ ಪ್ರಾಣವನ್ನೇ ತೆಗೆಯಬಲ್ಲದು. ಮಕ್ಕಳೂ ಅಸ್ತಮಾ ಇರುವವರೂ ಅಡುಗೆಮನೆಯಿಂದ ದೂರವಿರಲಿ.

ಸಾಮಾನ್ಯವಾಗಿ 2ರಿಂದ 4 ಗಂಟೆ ನಡೆಯುವ ಈ ಕ್ರಿಯೆಯುದ್ದಕ್ಕೂ ಬಾಗಿಲು ತಾನಾಗಿಯೇ ಬೀಗ ಹಾಕಿಕೊಂಡಿರುತ್ತದೆ. ಅದನ್ನು ಬಲವಂತದಿಂದ ಎಳೆಯಬಾರದು, ಮನೆ ಬಿಟ್ಟು ಹೋಗಲೂಬಾರದು, ರಾತ್ರಿ ಹಚ್ಚಿ ಮಲಗುವುದಂತೂ ಸಲ್ಲದು. ಒಳಗೆ ಜ್ವಾಲೆ ಕಂಡರೆ ಬಾಗಿಲು ಮುಚ್ಚಿದಂತೆಯೇ ಇರಲಿ, ಓವನ್ ಆರಿಸಿ. ಬೆಂಕಿ ತಗ್ಗದಿದ್ದರೆ ಎಲ್ಲರೂ ಹೊರಬಂದು ಅಗ್ನಿಶಾಮಕ ದಳಕ್ಕೆ ಕರೆಮಾಡಿ. ಅತಿಯಾದ ಶಾಖ ಕೆಲವೊಮ್ಮೆ ಥರ್ಮಲ್ ಫ್ಯೂಸ್ (ಮಿತಿಮೀರಿ ಬಿಸಿಯಾದಾಗ ವಿದ್ಯುತ್ ಕಡಿಯುವ ಸುರಕ್ಷಾ ಭಾಗ) ಕೆಡಿಸಿ ಓವನ್ ನಿಲ್ಲಿಸಿಬಿಡುವುದರಿಂದ, ನೆಂಟರು ಬರುವ ಹಿಂದಿನ ದಿನ ಈ ಕೆಲಸ ಬೇಡ.

ಪೂರ್ತಿ ತಣ್ಣಗಾದ ಮೇಲೆ ತಳದಲ್ಲಿ ಉಳಿಯುವ, ಬೆರಳ ತುದಿಗೆ ಹಿಟ್ಟಿನಂತೆ ಹತ್ತುವ ಬೂದುಬಣ್ಣದ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.