ಗಿಡದ ಟ್ಯಾಂಕಿಗೆ ಲೈಟ್ ಹಾಕಿದ್ದು, ನನ್ನ ಅನುಭವ

ಬಸವನಗುಡಿಲಿರೋ ನಮ್ಮನೆ ಹಾಲಲ್ಲಿ ನೀರೊಳಗೇ ಗಿಡ ಬೆಳೆಸೋ 2 ಅಡಿ ಮೀನಿನ ಟ್ಯಾಂಕ್ ಇದೆ, ಸುಮಾರು 54 ಲೀಟರ್, ಗಿಡಕ್ಕೆ ಇಂಗಾಲದ ಡೈಆಕ್ಸೈಡ್ ಕೊಡೋ ಸಿಒ2 ಸಿಲಿಂಡರ್ ಎಲ್ಲಾ ಇಲ್ಲ. ಮೊದಲ್ನೇ ಸಲ ಲೈಟ್ ತಗೊಳ್ವಾಗ ಅಂಗಡಿಯವ್ರು "ಗಿಡ ಅಂದ್ರೆ ಬೆಳಕು ಚೆನ್ನಾಗಿರ್ಬೇಕು ಸಾರ್" ಅಂದ್ರು, ನಾನೂ ಒಪ್ಕೊಂಡು 36 ವ್ಯಾಟಿನ ಎಲ್‌ಇಡಿ ತಂದು ದಿನಕ್ಕೆ 10 ಗಂಟೆ ಉರಿಸ್ದೆ. ಮೂರೇ ವಾರಕ್ಕೆ ಅನೂಬಿಯಸ್ ಅನ್ನೋ ಗಿಡದ ಎಲೆ ಮೇಲೆಲ್ಲಾ ಹಸಿರು ಚುಕ್ಕಿ, ಉಗುರಲ್ಲಿ ಕೆರೆದ್ರೂ ಬಿಡ್ತಿರ್ಲಿಲ್ಲ, ಜಾವಾ ಫರ್ನ್ ಅನ್ನೋ ಇನ್ನೊಂದು ಗಿಡದ ತುದಿಲಿ ಕೂದಲು ಥರ ಪಾಚಿ ನೇತಾಡ್ತಿತ್ತು.

ಆಮೇಲೆ ಅರ್ಥ ಆಗಿದ್ದು ಏನಂದ್ರೆ, ಲೈಟ್ ಜಾಸ್ತಿ ಆದಷ್ಟೂ ಗಿಡಕ್ಕೆ ಹಸಿವು ಜಾಸ್ತಿ, ಆ ಹಸಿವಿಗೆ ತಕ್ಕಷ್ಟು ಸಿಒ2, ಗೊಬ್ಬರ ಸಿಗ್ಲಿಲ್ಲ ಅಂದ್ರೆ ಗಿಡ ಸೊರಗುತ್ತೆ, ಮಿಕ್ಕ ಬೆಳಕನ್ನ ಪಾಚಿ ತಿನ್ನುತ್ತೆ. ನಿಧಾನಕ್ಕೆ ಬೆಳೆಯೋ ಅನೂಬಿಯಸ್, ಜಾವಾ ಫರ್ನ್, ಕ್ರಿಪ್ಟ್ ಇವಕ್ಕೆ ಲೀಟರಿಗೆ 15ರಿಂದ 20 ಲ್ಯುಮೆನ್ (ಲೈಟ್ ಎಷ್ಟು ಬೆಳಕು ಕೊಡುತ್ತೆ ಅನ್ನೋ ಅಳತೆ) ಸಾಕು, ನಾನು ಕೊಡ್ತಿದ್ದಿದ್ದು ಅದರ ಮೂರರಷ್ಟು!

ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ಎಸ್.ಪಿ. ರೋಡಿಂದ 12 ವ್ಯಾಟಿಂದು, 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಬಿಳಿ ಲೈಟ್ ತಂದೆ. ಡಬ್ಬದ ಮೇಲೆ ವ್ಯಾಟ್ ಅಲ್ಲ, ಲ್ಯುಮೆನ್ ನೋಡಿ ತಗೊಳ್ಳಿ ದಯವಿಟ್ಟು. ಸಂಜೆ 4ರಿಂದ 10, ಆರೇ ಗಂಟೆ, ಆಫೀಸಿಂದ ಬಂದ್ಮೇಲೆ ಮೀನು ನೋಡ್ಬೇಕಲ್ಲ. ತಿರುಗಿಸೋ ಟೈಮರ್ ಬೇಡ, ಕರೆಂಟ್ ಹೋದಷ್ಟು ಹೊತ್ತು ಅದೂ ನಿಂತು ಹಿಂದೆ ಬೀಳುತ್ತೆ, ಒಂದಿನ ರಾತ್ರಿ ಹನ್ನೆರಡಾದ್ರೂ ಲೈಟ್ ಉರೀತಿತ್ತು. ಒಳಗೆ ಬ್ಯಾಟರಿ ಇರೋ ಡಿಜಿಟಲ್ ಟೈಮರ್ ಹಾಕಿದ್ಮೇಲೆ ಆ ಕಾಟ ಇಲ್ಲ.

ಇಷ್ಟೆಲ್ಲಾ ಸರಿ ಮಾಡಿದ್ಮೇಲೂ ಡಿಸೆಂಬರಲ್ಲಿ ಪಾಚಿ ಮತ್ತೆ ಬಂತು, ತಲೆ ಕೆಟ್ಟೋಯ್ತು. ಒಂದು ಭಾನುವಾರ ಮನೇಲೇ ಕೂತು ನೋಡ್ತೀನಿ, ದಕ್ಷಿಣದ ಕಿಟಕಿಯಿಂದ ಬಿಸಿಲು ಸೀದಾ ಟ್ಯಾಂಕ್ ಮೇಲೆ! ಜೂನಲ್ಲಿ ನಮ್ಮೂರಿಗೆ ಸೂರ್ಯ ಮಧ್ಯಾಹ್ನ ಸ್ವಲ್ಪ ಉತ್ತರಕ್ಕೇ ಇರ್ತಾನೆ, ಆ ಕಿಟಕೀಲಿ ಬಿಸಿಲೇ ಬರಲ್ಲ, ಚಳಿಗಾಲಕ್ಕೆ ದಕ್ಷಿಣಕ್ಕೆ ವಾಲಿ ಹಾಲಿನ ಒಳಗೇ ಬರ್ತಾನೆ. ನಾನು ಆಫೀಸಲ್ಲಿರೋ ಹೊತ್ತಲ್ಲಿ ದಿನಾ ಎರಡು ಗಂಟೆ ಬಿಸಿಲು ಬೀಳ್ತಿತ್ತು, ನಾನು ಮಾತ್ರ ಲೈಟ್‌ನ ಬೈಕೊಂಡು ಕೂತಿದ್ದೆ. ಕಿಟಕಿ ಕಡೆ ಗಾಜಿಗೆ ಕಪ್ಪು ಚಾರ್ಟ್ ಪೇಪರ್ ಅಂಟಿಸ್ದೆ, ಪಾಚಿ ಹಿಡಿದ ಹಳೇ ಎಲೆ ಕತ್ತರಿಸಿ ಹಾಕ್ದೆ. ಈಗ ಅನೂಬಿಯಸ್‌ಗೆ ಎರಡು ಹೊಸ ಎಲೆ ಬಂದಿದೆ, ತಿಳಿಹಸಿರು, ಒಂದು ಚುಕ್ಕಿನೂ ಇಲ್ಲ.